ಗಲ್ಲಿಗೊಂದು ದಿಕ್ಕು

ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ಗಲ್ಲಿಯಲ್ಲಿ ಸಂಜೆಯ ಮಾತು ಮಳೆಯಿಂದ ಸುರುವಾಗಲಿ, ಮಗ್ಗದ ಕರೆಂಟಿನಿಂದ ಸುರುವಾಗಲಿ, ಕೊನೆಗೆ ಬಂದು ನಿಲ್ಲುವುದು ಗಾಡಿಗಳ ಮೇಲೆಯೇ. ನಡುಗೋಡೆಯ ಆ ಕಡೆ ಕಾಕು, ಈ ಕಡೆ ನಾನು. ಕಾಕುವಿನ ತವರು ಖಾನಾಪುರ. ಅಲ್ಲಿಯ ಮಳೆ, ಅಲ್ಲಿಯ ಹಂಚು, ಅಲ್ಲಿಯ ಮಲಪ್ರಭೆ ಎಲ್ಲವೂ ಅವರಿಗೆ ಇಲ್ಲಿಗಿಂತ ಒಂದು ಕೈ ಮೇಲೆ. ರಸ್ತೆಯ ವಿಷಯ ಬಂದಾಗ ಮಾತ್ರ ಎರಡೂ ಊರಿನ ಪಾಡು ಒಂದೇ ಎಂದು ಒಪ್ಪುತ್ತಾರೆ.

“ತಂಗಿ, ನಮ್ಮ ಗಲ್ಲಿ ಒನ್‌ವೇ ಮಾಡ್ತಾರಂತಲ್ಲ, ಖರೇನ?”

“ಮಾಡ್ರಿ ಅಂತ ಗಲ್ಲಿಯವ್ರು ಅರ್ಜಿ ಬರದಾರ್ರಿ ಕಾಕು. ನಾನೂ ಸಹಿ ಹಾಕೀನಿ.”

“ಹಂಗಾದ್ರ ಕಸದ ಗಾಡಿ? ಗ್ಯಾಸಿನಾಂವ? ದವಾಖಾನಿಗೆ ಹೋಗಾಕ ನನ್ನ ಆಟೋ? ಎಲ್ಲಾರೂ ಊರ ಸುತ್ತಿ ಬರೂದನು?”

ಕಾಕುವಿನ ಪ್ರಶ್ನೆಯಲ್ಲಿ ನ್ಯಾಯವಿದೆ. ಒನ್‌ವೇ ಆದರೆ ಕೆಲವರಿಗೆ ಒಂದು ಸುತ್ತು ಹೆಚ್ಚಾಗುವುದು ನಿಜ. ಆದರೆ ಈಗ ಗಲ್ಲಿಯಲ್ಲಿ ಏನು ನಡೆಯುತ್ತಿದೆ ಎನ್ನುವುದನ್ನು ಮೊದಲು ನೋಡಬೇಕು. ವಡಗಾವಿ, ಶಹಾಪುರ, ಇತ್ತ ಊರೊಳಗಿನ ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮಲಿಂಗಖಿಂಡ ಗಲ್ಲಿ, ಇವೆಲ್ಲ ನಡೆಯುವವರಿಗೂ ಚಕ್ಕಡಿಗೂ ಹುಟ್ಟಿದ ದಾರಿಗಳು. ಮನೆಯ ಹೊಸ್ತಿಲು ದಾಟಿದರೆ ಕಟ್ಟೆ, ಕಟ್ಟೆ ಇಳಿದರೆ ರಸ್ತೆ. ಫುಟ್‌ಪಾತಿಗೆ ಜಾಗವೇ ಇಲ್ಲ. ಆ ದಾರಿಯೊಳಗೆ ಇವತ್ತು ಮಗ್ಗಕ್ಕೆ ನೂಲು ತರುವ ಟೆಂಪೊ ಬರಬೇಕು, ಶಾಲೆಯ ವ್ಯಾನು ಬರಬೇಕು, ತರಕಾರಿ ಗಾಡಿ ಬರಬೇಕು. ಟಿಳಕವಾಡಿಯ ರೈಲ್ವೆ ಗೇಟು ಬಿದ್ದರಂತೂ ಕಾಯುವ ತಾಳ್ಮೆಯಿಲ್ಲದವರೆಲ್ಲ ಅಕ್ಕಪಕ್ಕದ ಸಣ್ಣ ದಾರಿ ಹುಡುಕಿಕೊಂಡು ನುಗ್ಗುತ್ತಾರೆ.

ಅಳತೆ ಹಿಡಿದು ಹೇಳುತ್ತೇನೆ. ಹಳೆಯ ಆಲ್ಟೊ ಕಾರಿನ ಅಗಲ ಒಂದೂವರೆ ಮೀಟರಿಗೆ ಒಂದು ಬೆರಳು ಕಮ್ಮಿ. ಈಗಿನ ಸ್ಕಾರ್ಪಿಯೊ-ಎನ್ 1.9 ಮೀಟರ್ ದಾಟುತ್ತದೆ, ಕನ್ನಡಿ ಬೇರೆ. ಅಂಥ ಎರಡು ಎದುರುಬದುರು ಬಂದು ಉಜ್ಜದೆ ದಾಟಬೇಕಾದರೆ 5 ಮೀಟರಿನ ಆಸುಪಾಸು ಖಾಲಿ ರಸ್ತೆ ಬೇಕು. ಒಂದು ಬದಿಗೆ ಬೈಕುಗಳ ಸಾಲು ನಿಂತ ಗಲ್ಲಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಗಲ್ಲಿ ಇದ್ದಷ್ಟೇ ಇದೆ, ಗಾಡಿಗಳು ಮಾತ್ರ ಅಗಲವಾಗುತ್ತ ಬಂದಿವೆ.

ಹೀಗೆ ಎರಡು ಗಾಡಿ ಮುಖಾಮುಖಿ ನಿಂತಾಗ ಆಗುವ ಜಗಳವನ್ನು ಎಲ್ಲರೂ ನೋಡಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಭಯ ಜಗಳ ಮುಗಿದ ಮೇಲಿನದು. ಇಬ್ಬರಲ್ಲಿ ಒಬ್ಬ ಸೋತು ರಿವರ್ಸ್ ಹಾಕುತ್ತಾನೆ. ಸಿಟ್ಟಿನಲ್ಲಿರುತ್ತಾನೆ, ಹಿಂದೆ ಹಾರ್ನ್ ಬಾರಿಸುವವರ ಅವಸರ ಬೇರೆ. ಹಿಂದಿನ ಗಾಜಿನಲ್ಲಿ ದೊಡ್ಡವರ ತಲೆ ಕಾಣುತ್ತದೆ, ಕಟ್ಟೆಯಿಂದ ಇಳಿದ ಮೂರು ವರ್ಷದ ಕೂಸು ಕಾಣುವುದಿಲ್ಲ. ದೀಪಾವಳಿಯಲ್ಲಿ ನಮ್ಮ ಹುಡುಗರು ಮನೆ ಮುಂದೆ ಮಣ್ಣು ಕಲ್ಲು ಒಟ್ಟಿ ಕಿಲ್ಲಾ ಕಟ್ಟುತ್ತಾರಲ್ಲ, ಆಗ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ ಮಗುವಿನ ಎತ್ತರ ಎಷ್ಟಿರುತ್ತದೆ ಎಂದು ಒಮ್ಮೆ ನೋಡಿ. ಕಾರಿನ ಬಂಪರಿಗಿಂತ ಸ್ವಲ್ಪವೇ ಮೇಲೆ. ಇಕ್ಕಟ್ಟಾದ ಗಲ್ಲಿಯಲ್ಲಿ ಮುಂದೆ ಹೋಗುವ ಗಾಡಿಗಿಂತ ಹಿಂದೆ ಬರುವ ಗಾಡಿಯೇ ದೊಡ್ಡ ಅಪಾಯ. ಎಲ್ಲ ಗಾಡಿಗಳೂ ಒಂದೇ ಕಡೆಯಿಂದ ಬಂದರೆ ಈ ರಿವರ್ಸ್ ಬಹಳ ಮಟ್ಟಿಗೆ ತಪ್ಪುತ್ತದೆ. ನಾನು ಸಹಿ ಹಾಕಿದ್ದು ಇದೊಂದೇ ಕಾರಣಕ್ಕೆ.

ಉಳಿದ ಲಾಭಗಳೂ ಇವೆ. ಎರಡೂ ಕಡೆ ಓಡಾಟವಿರುವ ಎರಡು ರಸ್ತೆಗಳು ಕೂಡುವ ಒಂದು ಚೌಕದಲ್ಲಿ ಗಾಡಿಗೆ ಗಾಡಿ ತಾಗಬಹುದಾದ ಜಾಗಗಳು 32 ಎಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಆ ಎರಡೂ ರಸ್ತೆಗಳು ಒನ್‌ವೇ ಆದರೆ ಉಳಿಯುವುದು 5. ರಸ್ತೆ ದಾಟುವ ಅಜ್ಜಿ ಕಾರು, ಟೆಂಪೊ ನೋಡಲು ಒಂದೇ ಕಡೆ ಕುತ್ತಿಗೆ ತಿರುಗಿಸಿದರೆ ಸಾಕು.

ಇದೇನು ಹೊಸ ಯೋಚನೆಯೂ ಅಲ್ಲ. 1617ರಲ್ಲೇ ಲಂಡನ್ನಿನ ನಗರಸಭೆ ಥೇಮ್ಸ್ ದಂಡೆಯ ಕಡೆ ಇಳಿಯುವ 17 ಇಕ್ಕಟ್ಟಾದ ಓಣಿಗಳಲ್ಲಿ ಬಂಡಿಗಳ ಓಡಾಟಕ್ಕೆ ಕಟ್ಟುಪಾಡು ತಂದಿತ್ತು. ಅಲ್ಲಿ ಆಗ ಇದ್ದದ್ದು ಕುದುರೆ ಬಂಡಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸಂಚಾರ ಪೊಲೀಸಿನಲ್ಲಿದ್ದ ಎಂ.ಎ. ಸಲೀಂ 2000ರ ದಶಕದ ಮೊದಲ ವರ್ಷಗಳಲ್ಲಿ ಹಲವಾರು ರಸ್ತೆಗಳನ್ನು ಒನ್‌ವೇ ಮಾಡಿಸಿ ಹೆಸರಾದರು. ಅವರೇ 2025ರಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರಾದರು.

ಇಷ್ಟು ಹೇಳುವ ಹೊತ್ತಿಗೆ ಕಾಕು ಒಂದು ಮಾತು ಎತ್ತಿದರು.

“ನನ್ನ ಮಗಳು ಬೆಂಗಳೂರಾಗ ಅದಾಳಲ್ಲವಾ. ಅಲ್ಲಿ ಆ ಒನ್‌ವೇ ರೋಡ್ ದಾಟೂದಂದ್ರ ಜೀವ ಕೈಯಾಗ ಹಿಡ್ಕೊಂಡ ದಾಟಬೇಕು. ಎದುರು ಯಾರೂ ಬರೂದಿಲ್ಲಂತ ಗೊತ್ತಾದ ಕೂಡಲೆ ಬಾಣ ಬಿಟ್ಟಂಗ ಬರ್ತಾರ.”

ಅವರು ಹೇಳಿದ್ದು ಸತ್ಯ, ಮತ್ತು ಒನ್‌ವೇ ಬೇಕೆನ್ನುವವರು ಇದನ್ನು ಮುಚ್ಚಿಡಬಾರದು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆಗಳ ಅಂಚಿನಲ್ಲಿ ದಾಟಲು ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಅಮೆರಿಕದ ಲೂಯಿವಿಲ್ ನಗರ 2011ರಲ್ಲಿ ತನ್ನ ಎರಡು ಒನ್‌ವೇ ಬೀದಿಗಳನ್ನು ಮತ್ತೆ ಎರಡೂ ಕಡೆಯ ಓಡಾಟಕ್ಕೆ ಬಿಟ್ಟಿತು, ಅಲ್ಲಿ ಅಪಘಾತಗಳು ಕಡಿಮೆಯಾದವು. ಅಗಲವಾದ ರಸ್ತೆಯನ್ನು ಒನ್‌ವೇ ಮಾಡಿದರೆ ಅದು ಓಟದ ಮೈದಾನವಾಗುತ್ತದೆ. ವೇಗ ಗಂಟೆಗೆ 30 ಕಿಲೋಮೀಟರಿನಿಂದ 50ಕ್ಕೆ ಏರಿದರೆ ಗುದ್ದುವ ಶಕ್ತಿ 2.8 ಪಟ್ಟಾಗುತ್ತದೆ. ನಡೆಯುವವರೂ ಗಾಡಿಗಳೂ ಒಂದೇ ಕಡೆ ಬೆರೆಯುವಲ್ಲಿ 30ರ ಮೇಲೆ ಹೋಗಬಾರದು ಎಂದು ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆ ಎಲ್ಲ ದೇಶಗಳಿಗೂ ಹೇಳಿದೆ. ನಮ್ಮ ಗಲ್ಲಿಗೆ 20 ಸಾಕು.

ಆದ್ದರಿಂದ ನನ್ನ ಮಾತು ಇಷ್ಟು. ಒನ್‌ವೇ ಮಾಡಿದಾಗ ಉಳಿಯುವ ಜಾಗ ಗಾಡಿಗೆ ಸೇರಬಾರದು, ನಡೆಯುವವರಿಗೆ ಸೇರಬೇಕು. ಬಾಣದ ಗುರುತಿನ ಒಂದು ಬೋರ್ಡು ನೆಟ್ಟು ಹೋದರೆ ಆಗುವುದೇನು? ಬಿಟ್ಟ ಜಾಗದಲ್ಲಿ ಮರುದಿನವೇ ಕಾರುಗಳು ನಿಲ್ಲುತ್ತವೆ, ನಡುವಿನ ಖಾಲಿಯಲ್ಲಿ ಬೈಕುಗಳು ಹಾರುತ್ತವೆ, ನಡೆಯುವವರು ಮೊದಲಿದ್ದಲ್ಲೇ ಗೋಡೆಗೆ ಅಂಟಿಕೊಂಡು ಹೋಗುತ್ತಾರೆ. ಅದರ ಬದಲು 3 ಮೀಟರ್ ಗಾಡಿಗೆ ಬಿಟ್ಟು, ಉಳಿದದ್ದಕ್ಕೆ ಬಿಳಿ ಪಟ್ಟಿ ಎಳೆದು, ಸಣ್ಣ ಕಂಬ ನೆಟ್ಟು ಇದು ನಡೆಯುವ ದಾರಿ ಎಂದು ಗಟ್ಟಿಯಾಗಿ ಹೇಳಬೇಕು. ಅಗ್ನಿಶಾಮಕದ ಗಾಡಿಯ ಅಗಲ ಎರಡೂವರೆ ಮೀಟರಿನ ಆಸುಪಾಸು, ಅದೂ ದಾಟುತ್ತದೆ. ಗಲ್ಲಿಯ ಬಾಯಿಯಲ್ಲಿ, ಶಾಲೆಯ ಹತ್ತಿರ, ಗುಡಿಯ ಮುಂದೆ ಹಂಪ್ ಬೇಕು, ಆದರೆ ಬಸುರಿಯರನ್ನು ಕುಲುಕಿ ಹಾಕುವ ಡಾಂಬರಿನ ಗುಡ್ಡೆಯಲ್ಲ, ಅಳತೆ ಪ್ರಕಾರ ಕಟ್ಟಿ ಬಣ್ಣ ಬಳಿದ ಹಂಪ್. ಸೈಕಲ್ಲಿನ ಹುಡುಗರಿಗೆ, ತಳ್ಳುಗಾಡಿಯವರಿಗೆ ಎರಡೂ ಕಡೆ ಹೋಗಲು ಬಿಡಬೇಕು, ಅವರಿಂದ ಜೀವಕ್ಕೆ ಅಪಾಯ ಕಮ್ಮಿ. ಅಕ್ಕಪಕ್ಕದ ಎರಡು ಗಲ್ಲಿಗಳನ್ನು ಜೋಡಿ ಮಾಡಿ ಒಂದನ್ನು ಹೋಗುವುದಕ್ಕೆ, ಇನ್ನೊಂದನ್ನು ಬರುವುದಕ್ಕೆ ಇಟ್ಟರೆ ಕಾಕುವಿನ ಆಟೋದ ಸುತ್ತು ಒಂದು ಗಲ್ಲಿಯಷ್ಟೇ.

ಖಾನಾಪುರದ ಪೇಟೆಗೂ ಇದೇ ಪಾಡು, ಅಲ್ಲಿ ಇನ್ನೊಂದು ತೊಡಕೂ ಇದೆ. ಬೆಳಗಾವಿಯಿಂದ ಅಲ್ಲಿಗೆ 26 ಕಿಲೋಮೀಟರ್. ಈಗ ನಾಲ್ಕು ಪಥದ ಹೆದ್ದಾರಿ, ಗಣೇಬೈಲಿನಲ್ಲಿ ಟೋಲು ಕೊಟ್ಟು ಗಾಳಿಯ ಹಾಗೆ ಹೋಗಬಹುದು. ಆ ವೇಗ ಕಾಲಿನಲ್ಲಿ ಹಾಗೇ ಉಳಿದಿರುತ್ತದೆ. ಹೆದ್ದಾರಿ ಬಿಟ್ಟು ಪೇಟೆಯೊಳಗೆ ತಿರುಗಿದ ಕೂಡಲೇ ಕಿರಾಣಿ ಅಂಗಡಿಯ ಚೀಲಗಳು, ಇಟ್ಟಿಗೆ ಟ್ರ್ಯಾಕ್ಟರು, ಜಾಂಬೋಟಿ ಕಡೆಯ ಹಳ್ಳಿಗಳಿಂದ ಬಂದು ಬಸ್ಸಿಳಿದ ಜನ. ಕಾಡಿನಂಚಿನ ಹಳ್ಳಿಯವರಿಗೆ ದವಾಖಾನೆ, ಬ್ಯಾಂಕು, ಕಚೇರಿ ಎಲ್ಲದಕ್ಕೂ ಈ ಪೇಟೆಯೇ. ಮಳೆಗಾಲದಲ್ಲಿ ಎಲ್ಲರ ಕೈಯಲ್ಲೂ ಕೊಡೆ, ಕೊಡೆ ಹಿಡಿದವರಿಗೆ ಎದುರಿನ ಗಾಡಿ ಕಾಣುವುದು ಕಷ್ಟ.

“ಸಂತೀ ದಿನ ನಮ್ಮಣ್ಣ ಗಾಡೀನ ತರೂದಿಲ್ಲ, ನಡಕೋತ ಹೋಗ್ತಾನು,” ಅಂದರು ಕಾಕು. “ಅಂಗಡಿಯವ್ರು ಮಾತ್ರ ಒನ್‌ವೇ ಅಂದ್ರ ಒಪ್ಪೂದಿಲ್ಲ. ಗಿರಾಕಿ ತಪ್ಪತಾರಂತ.”

ಅಂಗಡಿಯವರ ಅಂಜಿಕೆಯನ್ನು ತಳ್ಳಿಹಾಕಬಾರದು, ಅದು ಹೊಟ್ಟೆಯ ಪ್ರಶ್ನೆ. ಆದರೆ ಕಿರಿದಾದ ಪೇಟೆಯಲ್ಲಿ ಕಾರಿನ ಕಿಟಕಿಯಿಂದ ಯಾರೂ ಸೀರೆ ಆರಿಸುವುದಿಲ್ಲ. ಗಿರಾಕಿ ಅಂಗಡಿಗೆ ಬರುವುದು ನಡೆದುಕೊಂಡೇ. ನಿರಾಳವಾಗಿ ನಡೆಯಲು ಜಾಗವಿದ್ದರೆ ನಾಲ್ಕು ಅಂಗಡಿ ಹೆಚ್ಚೇ ಹತ್ತುತ್ತಾರೆ.

ಬೆಳಗಾವಿಯವರಿಗೆ ಒಂದೇ ಕಡೆಯ ಓಡಾಟವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಲೋಕಮಾನ್ಯ ಟಿಳಕರ ಪ್ರೇರಣೆಯಿಂದ 1905ರಲ್ಲಿ ಇಲ್ಲಿ ಸಾರ್ವಜನಿಕ ಗಣೇಶೋತ್ಸವ ಸುರುವಾದಂದಿನಿಂದ ಗಲ್ಲಿಗಲ್ಲಿಗೂ ಗಣಪತಿ ಕೂಡುತ್ತಾನೆ. ಮಂಟಪ ಹಾಕಿದ ಮೇಲೆ ಅರ್ಧ ಗಲ್ಲಿ ಮುಚ್ಚಿರುತ್ತದೆ. ಅಷ್ಟೂ ದಿನ ಮಂಡಳದ ಹುಡುಗರು ಸೀಟಿ ಹಿಡಿದು ನಿಂತು ಗಾಡಿಗಳನ್ನು ಒಂದೇ ಕಡೆಗೆ ಬಿಡುತ್ತಾರೆ. ಗ್ಯಾಸು ಬರುತ್ತದೆ, ಹಾಲು ಬರುತ್ತದೆ, ಕಾಕುವಿನ ಆಟೋನೂ ಬರುತ್ತದೆ. ಹಬ್ಬಕ್ಕಾಗಿ ತೋರಿಸುವ ಆ ಶಿಸ್ತನ್ನು ಮಕ್ಕಳ ಜೀವಕ್ಕಾಗಿ ವರ್ಷವಿಡೀ ತೋರಿಸಬಲ್ಲ ಜನ ನಾವು ಎಂದು ನನಗೆ ಪೂರ್ಣ ನಂಬಿಕೆಯಿದೆ.

ಕಾನೂನೂ ಅಡ್ಡ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನ ಪ್ರಕಾರ ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ಗಾಡಿಗಳ ಓಡಾಟಕ್ಕೆ ನಿರ್ಬಂಧ ಹಾಕಬಹುದು. ಅದರೊಳಗೊಂದು ಉಪಯೋಗದ ಮಾತಿದೆ: ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಗಿಲ್ಲ, ಊರಲ್ಲಿ ಪ್ರಚಾರ ಮಾಡಿದರೆ ಸಾಕು. ಅಂದರೆ ಪ್ರಯೋಗಕ್ಕೆ ಬಾಗಿಲು ತೆರೆದೇ ಇದೆ. ದಿಕ್ಕು ತಪ್ಪಾಗಿದ್ದರೆ ತಿರುಗಿಸಬಹುದು, ಎಲ್ಲಿ ತೊಡಕಾಯಿತೆಂದು ನೋಡಿ ತಿದ್ದಬಹುದು, ಬೇಡವೆನಿಸಿದರೆ ಬಿಡಬಹುದು. ಜಾರಿಯಾದ ಮೇಲೆ ವಿರುದ್ಧ ದಿಕ್ಕಿನಲ್ಲಿ ನುಗ್ಗುವುದು, 2019ರ ತಿದ್ದುಪಡಿಯ ನಂತರ, ಅಪಾಯಕಾರಿ ಚಾಲನೆಯ ಅಪರಾಧ.

“ಒಂದ ತಿಂಗಳಂದ್ರ ನನ್ನ ಸಹೀನೂ ಹಾಕೊ ತಂಗಿ,” ಅಂದರು ಕಾಕು. “ಆದ್ರ ಯಾವ ಕಡಿಂದ ಬಿಡಬೇಕಂತ ಸಾಹೇಬ್ರು ಆಫೀಸಿನ್ಯಾಗ ಕುಂತ ಬರೀಬಾರದು. ಗಲ್ಲಿಯವ್ರನ್ನ ಕೇಳಬೇಕು.”

ಅರ್ಜಿಯ ಕೊನೆಗೆ ಆ ಮಾತನ್ನೂ ಸೇರಿಸಿದ್ದೇವೆ. ನಿಮ್ಮ ಗಲ್ಲಿಯೂ ಹೀಗೇ ಇದ್ದರೆ ಒಂದು ಟೇಪು ಹಿಡಿದು ಅಗಲ ಅಳೆಯಿರಿ, ಶಾಲೆ ಬಿಡುವ ಹೊತ್ತಿಗೆ ಯಾವ ಕಡೆಯಿಂದ ಎಷ್ಟು ಗಾಡಿ ಬರುತ್ತವೆ ಎಂದು ಬರೆದಿಡಿ, ಅಂಗಡಿಯವರನ್ನೂ ಆಟೋದವರನ್ನೂ ಕೂಡಿಸಿಕೊಂಡು ಮಾತಾಡಿ. ಬೆಳಗಾವಿಯವರಾದರೆ ಸಂಚಾರ ಪೊಲೀಸರಿಗೂ ಮಹಾನಗರ ಪಾಲಿಕೆಗೂ, ಖಾನಾಪುರದವರಾದರೆ ಪಟ್ಟಣ ಪಂಚಾಯಿತಿಗೂ ಜಿಲ್ಲಾಧಿಕಾರಿಗೂ ಒಂದು ತಿಂಗಳ ಪ್ರಯೋಗಕ್ಕೆ ಅರ್ಜಿ ಕೊಡಿ. ಬೇಸಿಗೆ ರಜೆ ಮುಗಿದು ಶಾಲೆಗಳು ಸುರುವಾಗುವ ಮೊದಲೇ ಕೊಡಿ.