ಸಪೋರ್ಟಣ್ಣ

ಮಂಗಳೂರು ಕಡೆಯ ಹಳೆಯ ವ್ಯಾಯಾಮ ಶಾಲೆಗಳಿಗೆ ಮೂರು ಕಾಯಂ ಆಸ್ತಿ: ಗೋಡೆಯ ಮೇಲೆ ಆಂಜನೇಯ, ನಂಬರು ಅಳಿಸಿಹೋದ ಪ್ಲೇಟುಗಳು, ಬೆಂಚಿನ ತಲೆಯ ಹತ್ತಿರ ಸಪೋರ್ಟಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದ್ದೀತು. ಆದರೆ "ಅಣ್ಣಾ, ಸ್ವಲ್ಪ ಸಪೋರ್ಟ್" ಎಂದು ನಾಲ್ಕೂ ಮೂಲೆಯಿಂದ ಕರೆಸಿಕೊಂಡು ಕರೆಸಿಕೊಂಡು ಇದೇ ಗಟ್ಟಿಯಾಗಿದೆ. ಉಳ್ಳಾಲದಲ್ಲೊಬ್ಬ, ಸುರತ್ಕಲ್ಲಿನಲ್ಲೊಬ್ಬ, ಮೂಡುಬಿದಿರೆಯಲ್ಲೊಬ್ಬ ಇದ್ದೇ ಇರುತ್ತಾನೆ.

ನಾನು ಬಲ್ಲ ಸಪೋರ್ಟಣ್ಣನಿಗೆ ಹಗಲು ಸೊಸೈಟಿಯ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ದುಡ್ಡು, ಎತ್ತುವ ಕೆಲಸ; ಸಂಜೆ ಹುಡುಗರಿಂದ ಕಬ್ಬಿಣ ಎತ್ತಿಸುವ ಕೆಲಸ. ಎರಡರ ಶಾಸ್ತ್ರವೂ ಒಂದೇ ಎನ್ನುತ್ತಾನೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಬ್ಯಾಂಕಿನಿಂದ. "ದಿನಕ್ಕೆ ಎರಡಾಣೆ ಕಟ್ಟಿ ಮಗಳ ಮದುವೆ ಮಾಡಿದವರಿದ್ದಾರೆ ಮಾರಾಯ. ವಾರಕ್ಕೆ ಎರಡೂವರೆ ಕಿಲೋ ಸೇರಿಸಿದರೆ ನಿನ್ನ ಸ್ಕ್ವಾಟ್ ಆಗುವುದಿಲ್ವಾ?"

ಅವನ ಸ್ಕೂಟರಿನ ಸೀಟಿನಡಿ ಹಳೆ ಟವೆಲಿನಲ್ಲಿ ಸುತ್ತಿದ 1.25 ಕಿಲೋದ ಎರಡು ಪ್ಲೇಟುಗಳಿವೆ. ಹೊಸ ಹುಡುಗ ನಾಲ್ಕು ಜನ ನೋಡುತ್ತಿದ್ದಾರೆಂದು ಬಾರಿನ ಎರಡೂ ತುದಿಗೆ ಹತ್ತು ಹತ್ತು ಕಿಲೋ ಏರಿಸಿದನೋ, ಸಪೋರ್ಟಣ್ಣ ಮಾತಾಡದೆ ಅವನ್ನು ಕಳಚಿ, ಟವೆಲು ಬಿಡಿಸಿ, ತನ್ನ ಬಿಲ್ಲೆಗಳನ್ನು ಸಿಕ್ಕಿಸುತ್ತಾನೆ.

"ಇದು ಕಾಣುವುದೇ ಇಲ್ಲ ಅಣ್ಣ."

"ಕಾಣುವುದು ಯಾಕೆ? ಜಮಾ ಆದರೆ ಸಾಲದಾ?"

ಜಮಾ ಆದದ್ದನ್ನು ಬರೆಯುವುದು ಸೊಸೈಟಿಯ ಹಳೆ ಡೈರಿಯಲ್ಲಿ. ಯಾರು, ಎಷ್ಟು ಕಿಲೋ, ಎಷ್ಟು ಸಲ, ರಾತ್ರಿ ನಿದ್ದೆ ಆಗಿತ್ತೇ; ಪಕ್ಕದಲ್ಲಿ ಷರಾ: "ಭಾವನ ಮದುವೆ. ಸ್ಕ್ವಾಟ್ ಇಲ್ಲ." ಒಂದು ಸೆಟ್ಟಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಸುಮ್ಮನೆ ಕೂರಬೇಕು. ಫೋನು ಅವನ ಜೇಬಿನಲ್ಲಿ. ಎರಡು ದಿನ ತಪ್ಪಿಸಿದವನ ಗೇಟಿನಲ್ಲಿ ಬೆಳಿಗ್ಗೆ ಹಾರ್ನ್ ಕೇಳುತ್ತದೆ. ಒಮ್ಮೆ ಹುಡುಗನ ತಾಯಿ ಪಿಗ್ಮಿಯವರು ಬಂದರೆಂದು ಐವತ್ತು ರೂಪಾಯಿ ತಂದುಕೊಟ್ಟರು. ಸಪೋರ್ಟಣ್ಣ ಅದನ್ನು ತಗೊಂಡು, ರಸೀದಿ ಹರಿದುಕೊಟ್ಟು, ಆಮೇಲೆ "ಮಗ ಎಲ್ಲಿ?" ಎಂದ.

ಅವನ ನಿಜವಾದ ವಿದ್ಯೆ ಮಾತ್ರ ಬೆರಳಿನಲ್ಲಿದೆ. ಬೆಂಚ್ ಪ್ರೆಸ್ ಮಾಡುವವನ ತಲೆಯ ಹಿಂದೆ ನಿಂತು ಬಾರಿನ ಅಡಿಗೆ ತೋರುಬೆರಳೆರಡನ್ನೂ ಚಾಚುತ್ತಾನೆ. ಹುಡುಗನ ಕೈ ಅರ್ಧದಲ್ಲಿ ನಡುಗತೊಡಗಿದರೆ "ಹೋಗ್ತದೆ, ಹೋಗ್ತದೆ, ಹೋಗ್ತದೆ!" ಎಂದು ಕಟ್ಟಡ ಅದುರುವಂತೆ ಕೂಗುತ್ತಾನೆ. ಬಾರು ಹೋಗಿಯೇ ಹೋಗುತ್ತದೆ. ಹುಡುಗ ಎದ್ದು ಅನುಮಾನದಿಂದ ನೋಡಿದರೆ, "ನಾನು ಮುಟ್ಲೇ ಇಲ್ಲ ಮಾರಾಯ, ಎಲ್ಲ ನಿಂದೇ!" ಎಲ್ಲ ಹುಡುಗನದೇ ಆಗಿದ್ದರೆ ಸಪೋರ್ಟಣ್ಣನ ತೋಳು ಆ ಗಾತ್ರಕ್ಕೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಈ ಸುಳ್ಳಿಗೆ ನನ್ನ ತಕರಾರಿಲ್ಲ. ಮರುವಾರ ಅದೇ ಭಾರವನ್ನು ಹುಡುಗ ನಿಜವಾಗಿ ಎತ್ತಿದ್ದನ್ನು ನೋಡಿದ್ದೇನೆ.

ಪವರ್‌ಲಿಫ್ಟಿಂಗ್ ಸ್ಪರ್ಧೆ ಹತ್ತಿರ ಬಂದಾಗ ಬೆರಳು ಪ್ರಾಮಾಣಿಕವಾಗುತ್ತದೆ, ಬಾರಿನಿಂದ ಒಂದು ಗೇಣು ದೂರ ಸರಿಯುತ್ತದೆ. ಹತ್ತು ಕಿಲೋ ರಾತ್ರೋರಾತ್ರಿ ಮಾಯವಾಯಿತೆಂದು ಹುಡುಗರು ಕಂಗಾಲು. ಸ್ಕ್ವಾಟಿನಲ್ಲಿ ಅವನು ಇನ್ನೂ ನಿರ್ದಯಿ. ಸೊಂಟದ ಮಡಿಕೆ ಮೊಣಕಾಲಿನ ನೆತ್ತಿಗಿಂತ ಕೆಳಗಿಳಿಯಬೇಕೆಂಬುದು ನಿಯಮ. ಅದನ್ನು ನೋಡಲು ನೆಲದಲ್ಲಿ ಮಲಗಿ, ರಬ್ಬರ್ ಮ್ಯಾಟಿಗೆ ಕೆನ್ನೆಯಾನಿಸಿ, ಒಂದು ಕಣ್ಣು ಮುಚ್ಚಿ ಅಳೆಯುತ್ತಾನೆ. "ಇನ್ನೂ ಒಂದಿಂಚು ಬಾಕಿ ಉಂಟು."

ಸ್ವತಃ ಅವನು ಎತ್ತಿದ್ದನ್ನು ಈಗಿನವರು ಯಾರೂ ಕಂಡಿಲ್ಲ. ಯಾವುದೋ ಕಾಲದಲ್ಲಿ ಗೋವಾದಲ್ಲಿ 180 ಕಿಲೋ ಡೆಡ್‌ಲಿಫ್ಟ್ ಮಾಡಿದ್ದನಂತೆ. ಆಚೆ ವರ್ಷ ಅದು 190 ಇತ್ತು, ಈ ದೀಪಾವಳಿಗೆ 200 ದಾಟಿತು. ತಾಲೀಮಿಲ್ಲದೆ ಇಷ್ಟು ಸಲೀಸಾಗಿ ಬೆಳೆದ ಡೆಡ್‌ಲಿಫ್ಟ್ ಜಿಲ್ಲೆಯಲ್ಲೇ ಇಲ್ಲ.

ಮದುವೆ ಮನೆಗೆ ಹೋದರೆ ಅವನಿಗೊಂದು ಕಾಟ. "ನಿಮ್ಮ ಹುಡುಗರೂ ಗುರುರಾಜ್ ಪೂಜಾರಿ ಹಾಗೆ ಕಾಮನ್‌ವೆಲ್ತಿಗೆ ಹೋಗ್ತಾರಾ?" ಕುಂದಾಪುರದ ಗುರುರಾಜ್ 2018ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ತಂದದ್ದು ವೇಟ್‌ಲಿಫ್ಟಿಂಗಿನಲ್ಲಿ, ಅಲ್ಲಿ ಭಾರ ತಲೆಯ ಮೇಲಕ್ಕೆ ಹೋಗಬೇಕು. ಪವರ್‌ಲಿಫ್ಟಿಂಗ್ ಬೇರೆ, ಅದರಲ್ಲಿ ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಮೂರೇ ಎಂದು ಸಪೋರ್ಟಣ್ಣ ಪಂಕ್ತಿಯಲ್ಲೇ ಎದ್ದು ಕುಕ್ಕರುಗಾಲಲ್ಲಿ ಕೂತು ತೋರಿಸುವಷ್ಟರಲ್ಲಿ ಪಾಯಸದವನು ದಾಟಿ ಹೋಗಿರುತ್ತಾನೆ.

ಸ್ಪರ್ಧೆಯ ದಿನ ಅವನಷ್ಟು ನಿರ್ಗತಿಕ ಇನ್ನೊಬ್ಬನಿಲ್ಲ. ತೂಕ ನೋಡುವವರೆಗೆ 66 ಕಿಲೋ ವರ್ಗದ ಹುಡುಗನನ್ನು ಬಾಟಲಿಯಿಂದ ದೂರ ಕಾಯುವುದು, ಆದ ಕೂಡಲೇ ಬಾಳೆಹಣ್ಣು, ಬನ್ಸ್ ತುರುಕುವುದು, ಮೊದಲ ಪ್ರಯತ್ನಕ್ಕೆ ನಿದ್ದೆಗಣ್ಣಲ್ಲೂ ಆಗುವ ಭಾರ ಬರೆಸುವುದು, ಇಷ್ಟಕ್ಕೆ ಅವನ ಅಧಿಕಾರ ಮುಗಿಯಿತು. ವೇದಿಕೆಯಲ್ಲಿ ಸಪೋರ್ಟಿಗೆ ಸಂಘಟಕರದೇ ಜನ. ಡೆಡ್‌ಲಿಫ್ಟಿಗಂತೂ ಯಾರೂ ಬೇಕಿಲ್ಲ. ಒಮ್ಮೆ ಹಗ್ಗದ ಆಚೆ ನಿಂತು ಹುಡುಗನ ಜೊತೆ ತಾನೂ ಬಗ್ಗಿ, ಗಾಳಿ ಹಿಡಿದು, ಹಲ್ಲು ಕಚ್ಚಿ ಎದ್ದ. ಬಾರು ಮೇಲೆ ಬಂತು, ಮೊಣಕಾಲು ನೆಟ್ಟಗಾಯಿತು. ಬಾರು ಇಳಿಸಲು ಅಪ್ಪಣೆ ಕೊಡುವ ರೆಫ್ರಿಯ ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

"ಆಯ್ತು, ಆಯ್ತು, ಬಿಡು!" ಎಂದು ಸಭಾಂಗಣ ಅದುರಿತು. ಆ ದನಿಗೆ ವರ್ಷಗಟ್ಟಲೆ ಒಗ್ಗಿದ ಹುಡುಗ ಬಾರನ್ನು ಇಳಿಸಿಯೇಬಿಟ್ಟ. ಮೂರೂ ಕೆಂಪು ದೀಪ. ಸಭೆಯೆಲ್ಲ ತಿರುಗಿ ಹಗ್ಗದ ಕಡೆ ನೋಡಿತು.

ಸಪೋರ್ಟಣ್ಣ ಎರಡೂ ಕೈ ಮೇಲೆತ್ತಿದ. "ನಾನು ಮುಟ್ಲೇ ಇಲ್ಲ ಮಾರಾಯ್ರೆ!"