ಇಳಿಯಲಾಗದ ಅಗತ್ತಿ

“ಕಣ್ಣೆದುರಿಗೇ ಇತ್ತು ಕಣ್ರೀ ಮೇಷ್ಟ್ರೇ! ಗರಿ ಅಲ್ಲಾಡೋದು ಸಹ ಕಾಣ್ತಿತ್ತು. ಅಷ್ಟು ದೂರ ಹೋಗಿ ದಡ ಮುಟ್ಟದೇ ಬಂದ್ವಿ.”

ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆ ನಿಂತು ಹೀಗೆ ಹೇಳುವಾಗ ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಪ್ಪ ಅಮ್ಮನಿಗೆ ಸಮುದ್ರ ತೋರಿಸಬೇಕೆಂದು ದೀಪಾವಳಿ ರಜೆಯಲ್ಲಿ ಮುಂಬೈಯಿಂದ ಕ್ರೂಸ್ ಹಡಗು ಹತ್ತಿಸಿದ್ದ. ಲಕ್ಷದ್ವೀಪದ ಅಗತ್ತಿಗೆ ಹೋಗಿ, ಅಲ್ಲೊಂದು ಹಗಲು ನಿಂತು ವಾಪಸ್ ಬರುವ ಹಡಗು. ಅಕ್ಕನಿಗೆ ಆ ಹಡಗಿನ ಊಟ, ಕುಣಿತ, ಅಂತಸ್ತುಗಳು ಯಾವುವೂ ದೊಡ್ಡವಾಗಿರಲಿಲ್ಲ. ಅವರ ತವರು ಹೊಸದುರ್ಗದ ಕಡೆ, ತೆಂಗಿನ ತೋಟದ ಮನೆ. ಉಪ್ಪುನೀರಿನ ನಡುವೆ ಬರೀ ಮರಳಿನಲ್ಲಿ ತೆಂಗು ಹೇಗೆ ಬೆಳೆಯುತ್ತದೆ ಅನ್ನುವುದನ್ನು ಮರ ಮುಟ್ಟಿ ನೋಡಬೇಕೆಂಬ ಆಸೆ ಹೊತ್ತು ಹೋಗಿದ್ದರು. ಬೆಳಿಗ್ಗೆ ಎದ್ದು ಸೀರೆ ಉಟ್ಟು ತಯಾರಾಗಿ ನಿಂತಾಗ ಮೈಕಿನಲ್ಲಿ ಹೇಳಿದರಂತೆ, ಸಮುದ್ರ ಸರಿಯಿಲ್ಲ, ಇವತ್ತು ಯಾರನ್ನೂ ಇಳಿಸುವುದಿಲ್ಲ ಅಂತ.

ಯಜಮಾನರು ಹಿರಿಯೂರಿನವರು. ಅವರೂ ಲೋಟ ಹಿಡಿದುಕೊಂಡು ಆಚೆ ಬಂದರು. “ಮಳೆ ಅಂದ್ರೆ ಒಂದು ಹನಿ ಇರಲಿಲ್ಲ ಮೇಷ್ಟ್ರೇ, ಚೆನ್ನಾಗಿ ಬಿಸಿಲಿತ್ತು. ಎಲ್ಲಿಂದ ಬಂತು ಬಿರುಗಾಳಿ? ದುಡ್ಡು ಇಸ್ಕೊಂಡ ಮೇಲೆ ಇಳಿಸಬೇಕೋ ಬೇಡ್ವೋ?”

ನಾನು ಮಾತ್ರ ಕ್ಯಾಪ್ಟನ್ ಕಡೆಗೇ ನಿಂತೆ. ಇವತ್ತಿಗೂ ಅವನ ಕಡೆಗೇ.

ಬಿಸಿಲಿದ್ದರೂ ಅಲೆ ಏಳುತ್ತದೆ ಅನ್ನುವುದು ನಮ್ಮ ಬಯಲುಸೀಮೆಯವರಿಗೆ ಗೊತ್ತಾಗುವುದು ಕಷ್ಟ. ನಾವು ಕಂಡ ದೊಡ್ಡ ನೀರು ಮಾರಿಕಣಿವೆ ಜಲಾಶಯದ್ದು. ಅಲ್ಲಿ ಗಾಳಿ ಎದ್ದರೆ ನೀರು ಅಲ್ಲಾಡುತ್ತದೆ, ಗಾಳಿ ನಿಂತರೆ ನೀರೂ ಸುಮ್ಮನಾಗುತ್ತದೆ. ಸಮುದ್ರ ಹಾಗಲ್ಲ. ನೂರಾರು ಮೈಲಿ ಆಚೆ ವಾಯುಭಾರ ಕುಸಿದು ಗಾಳಿ ಎದ್ದರೆ, ಅಲ್ಲಿ ಹುಟ್ಟಿದ ಅಲೆ ಗಾಳಿಯನ್ನು ಹಿಂದೆ ಬಿಟ್ಟು ತಾನೊಂದೇ ನಡೆದುಕೊಂಡು ಬರುತ್ತದೆ. ಆಳವಾದ ನೀರಿನಲ್ಲಿ ದೊಡ್ಡ ಹಡಗಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ, ಸ್ವಲ್ಪ ತೂಗಿದಂತಾಗುತ್ತದೆ ಅಷ್ಟೆ. ಕಷ್ಟ ಇರುವುದು ಇಳಿಯುವ ಜಾಗದಲ್ಲಿ.

ಅಗತ್ತಿಯ ಸುತ್ತ ಹವಳದ ದಿಬ್ಬವಿದೆ, ಅದರ ಒಳಗೆ ತಿಳಿ ಹಸಿರು ಬಣ್ಣದ ಆಳವಿಲ್ಲದ ನೀರು. ಕ್ರೂಸ್ ಹಡಗು ಒಳಗೆ ಹೋಗುವ ಹಾಗಿಲ್ಲ. ಹೊರಗೇ ಲಂಗರು ಹಾಕಿ, ಪಕ್ಕದ ಬಾಗಿಲು ತೆಗೆದು, ಜನರನ್ನು ಚಿಕ್ಕ ದೋಣಿಗೆ ದಾಟಿಸಬೇಕು. ದೋಣಿ ಅಲೆಯ ಜೊತೆ ಏಳುತ್ತದೆ, ಇಳಿಯುತ್ತದೆ. ಹಡಗು ಅದೇ ಲೆಕ್ಕದಲ್ಲಿ ಏಳುವುದಿಲ್ಲ. ಒಂದು ಕಾಲು ಹಡಗಿನಲ್ಲಿ, ಒಂದು ಕಾಲು ದೋಣಿಯಲ್ಲಿ ಇಟ್ಟಿರುವ ಕ್ಷಣಕ್ಕೆ ದೋಣಿ ಆಳುದ್ದ ಕೆಳಗೆ ಹೋದರೆ? ಸೀರೆ ಉಟ್ಟ, ಮಂಡಿನೋವಿನ ಅಕ್ಕ ಎಲ್ಲಿಗೆ ಹೋಗಬೇಕಿತ್ತು? ನಾನು ಹೀಗೆ ಕೇಳಿದಾಗ ಯಜಮಾನರು ಮಾತಾಡಲಿಲ್ಲ. ಅಕ್ಕ ಮಾತ್ರ, “ಹೌದು, ಕೆಳಗೊಂದು ದೋಣಿ ಬಂದಿತ್ತು. ಒಂದ್ಸಲ ನಮ್ಮ ಕಾಲ ಸಮಕ್ಕೆ, ಇನ್ನೊಂದ್ಸಲ ಎಲ್ಲೋ ಕೆಳಗೆ. ಅದನ್ನು ನೋಡೇ ನನ್ನ ಎದೆ ಝಲ್ಲಂತು” ಅಂದರು.

ಎಲ್ಲ ಬಂದರುಗಳೂ ಹೀಗಿರುವುದಿಲ್ಲ. ನಮ್ಮ ಮಂಗಳೂರಿನ ಪಣಂಬೂರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ನೆಲ ಅಗೆದು ಮಾಡಿದ ಬಂದರು ಅದು. ಒಳಗೆ ಬಂದ ಹಡಗು ಗೋಡೆಗೆ ಒರಗಿ ನಿಲ್ಲುತ್ತದೆ, ಮೆಟ್ಟಿಲು ಹಾಕಿದರೆ ಜನ ಇಳಿದು ಬಸ್ಸು ಹತ್ತಿ ಕುದ್ರೋಳಿಗೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಹೋಗಿ ಬರುತ್ತಾರೆ. 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರು ಅಂತ ಅದನ್ನು ಘೋಷಿಸಿದ್ದು. ಅಲ್ಲೂ ಗಾಳಿಯ ಸೂಚನೆ ಬಂದರೆ ಸಂಕೇತ ಏರಿಸುತ್ತಾರೆ. ನಮ್ಮ ದೇಶದ ಬಂದರುಗಳಲ್ಲಿ ಈ ಸಂಕೇತಗಳು ಒಂದರಿಂದ ಹನ್ನೊಂದರವರೆಗೆ ಇವೆ. ರೇಡಿಯೋದಲ್ಲಿ “ಮೂರನೇ ನಂಬರಿನ ಎಚ್ಚರಿಕೆ” ಅಂತ ಕೇಳಿದರೆ ಚಿತ್ರದುರ್ಗದಲ್ಲಿ ಕೂತ ನಮಗೆ ಅದು ಯಾರದೋ ಸುದ್ದಿ. ದೋಣಿಯವರ ಮನೆಯಲ್ಲಿ ಅವತ್ತು ಯಾರೂ ನೀರಿಗೆ ಇಳಿಯುವುದಿಲ್ಲ.

ಆದರೆ ಆ ಗಾಳಿ ನಮಗೆ ಹೊರಗಿನದಲ್ಲ, ಇದನ್ನೇ ನಾನು ಅಕ್ಕನಿಗೆ ಒತ್ತಿ ಹೇಳಿದ್ದು. ಆಷಾಢದಲ್ಲಿ ಜೋಗಿಮಟ್ಟಿಯ ಮೇಲೆ ನಿಂತರೆ ಮೈಮೇಲಿನ ಟವೆಲ್ ನಿಲ್ಲುವುದಿಲ್ಲ. ಹುಡುಗರು ಗಾಳಿಪಟ ಬಿಡುವುದು ಆ ಗಾಳಿಗೆ. ಗುಡ್ಡದ ಸಾಲಿನ ಮೇಲೆ ದೊಡ್ಡ ದೊಡ್ಡ ಫ್ಯಾನುಗಳು ಹಗಲು ರಾತ್ರಿ ತಿರುಗಿ ಕರೆಂಟು ಕೊಡುವುದೂ ಅದೇ ಗಾಳಿಗೆ. ಅದು ಅರಬ್ಬಿ ಸಮುದ್ರದ ಮೇಲಿಂದಲೇ ಬಂದದ್ದು. ಬರುವಾಗ ಲಕ್ಷದ್ವೀಪದ ದೋಣಿಗಳನ್ನು ದಡಕ್ಕೆ ಹತ್ತಿಸಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟು ನಿಲ್ಲಿಸಿ, ಘಟ್ಟದ ಮೇಲೆ ತನ್ನ ನೀರನ್ನೆಲ್ಲ ಸುರಿದು, ಹೊಳಲ್ಕೆರೆ ದಾಟುವ ಹೊತ್ತಿಗೆ ಒಣಗಿರುತ್ತದೆ. ಮಳೆಯನ್ನು ಘಟ್ಟಕ್ಕೆ ಕೊಟ್ಟು ಗಾಳಿಯನ್ನಷ್ಟೇ ನಮಗೆ ಉಳಿಸುತ್ತದೆ. ಇನ್ನು ನಿಮ್ಮ ಹಡಗು ನಿಂತ ವಾರ ಇಲ್ಲಿ ಮೂರು ದಿನ ಜಡಿ ಹಿಡಿದು ಶೇಂಗಾ ಬಳ್ಳಿ ಕೊಳೆಯಿತಲ್ಲ ಅಕ್ಕ, ಅದಕ್ಕೂ ಕಾರಣ ಅದೇ ವಾಯುಭಾರ ಕುಸಿತ ಅಂದೆ.

“ಅಯ್ಯೋ, ಹೌದಾ?” ಅಂದರು. ಅವರ ತಮ್ಮನ ಶೇಂಗಾವೂ ಹೊಲದಲ್ಲೇ ನೆನೆದಿತ್ತು.

ನನಗೆ ಹೆಚ್ಚು ಕಾಡಿದ್ದು ಇವರು ಕಳೆದುಕೊಂಡ ಒಂದು ಹಗಲಲ್ಲ. ಅವತ್ತು ಅಗತ್ತಿಯ ದಡದಲ್ಲಿ ಕಾದವರು. ಸಾವಿರಾರು ಜನರ ಹಡಗು ಬರುತ್ತದೆ ಅಂದರೆ ಎಳನೀರು ಕೊಯ್ದವರು, ಮೀನು ಬೇಯಿಸಿದವರು, ದೋಣಿಗೆ ಡೀಸೆಲ್ ತುಂಬಿದವರು ಇರುತ್ತಾರೆ. ಅಕ್ಕನ ಮನೆಯವರಿಗೆ ಹಡಗಿನವರು ಒಂದಿಷ್ಟು ದುಡ್ಡು ವಾಪಸ್ ಕೊಟ್ಟರೂ ಕೊಟ್ಟಾರು. ಆ ಎಳನೀರಿಗೆ ಯಾರು ಕೊಡುತ್ತಾರೆ? ಹಡಗು ತಪ್ಪಿದ ಸುದ್ದಿಯನ್ನು ನಾವು ಯಾವಾಗಲೂ ಪ್ರಯಾಣಿಕರ ಬಾಯಿಂದ ಕೇಳುತ್ತೇವೆ, ದಡದವರ ಬಾಯಿಂದ ಕೇಳಿದ್ದಿಲ್ಲ. ಲಕ್ಷದ್ವೀಪದಲ್ಲಿ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ, ಅಕ್ಕಿಯಿಂದ ಸಿಮೆಂಟಿನವರೆಗೆ ಬಹುಪಾಲು ಎಲ್ಲವೂ ನೀರಿನ ಮೇಲೆಯೇ ಬರಬೇಕು. ಅದರಲ್ಲಿ ಒಂದು ಪಾಲು ಈಗಲೂ ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಅನ್ನುವ ಸರಕು ದೋಣಿಗಳಲ್ಲಿ ಹೋಗುತ್ತದೆ. ತರಕಾರಿ, ಜಲ್ಲಿ, ಇಟ್ಟಿಗೆ. ಮಳೆಗಾಲದಲ್ಲಿ ಆ ಸಂಚಾರ ಬಂದ್. ಮಳೆಗಾಲಕ್ಕೆ ಮೊದಲಿನ ದಿನಗಳೂ ನೆಚ್ಚುವಂಥವಲ್ಲ: 2025ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ ಹೊರಟ ಸಲಾಮತ್ ಅನ್ನುವ ಸರಕು ಹಡಗು ನಡುಸಮುದ್ರದಲ್ಲಿ ಮುಳುಗಿತು. ಅದರಲ್ಲಿದ್ದ ಆರು ಜನರನ್ನು ಕೋಸ್ಟ್ ಗಾರ್ಡಿನವರು ಬದುಕಿಸಿ ತಂದರು.

“ಮಂಗಳೂರಿಗೂ ಆ ದ್ವೀಪಕ್ಕೂ ಅಷ್ಟು ನಂಟಾ?” ಅಂತ ಯಜಮಾನರು ಕಾಂಪೌಂಡಿಗೆ ಒರಗಿದರು.

ನಂಟು ಹಳೆಯದು. 1779ರಲ್ಲಿ ಹೈದರಾಲಿ ನಮ್ಮ ದುರ್ಗವನ್ನು ಮದಕರಿನಾಯಕನಿಂದ ಕಿತ್ತುಕೊಂಡನಲ್ಲ, ಅದಾಗಿ ಎಂಟು ವರ್ಷಕ್ಕೆ, 1787ರಲ್ಲಿ, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಅವನ ಮಗ ಟಿಪ್ಪುವಿನ ಕೈಗೆ ಬಂದವು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ದ್ವೀಪದವರು ತಾವಾಗಿಯೇ ಅವನಲ್ಲಿಗೆ ಹೋಗಿದ್ದರು. ಹನ್ನೆರಡು ವರ್ಷ ನಮ್ಮ ಏಳು ಸುತ್ತಿನ ಕೋಟೆಗೂ ಆ ಹವಳದ ದಿಬ್ಬಗಳಿಗೂ ಒಬ್ಬನೇ ದೊರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಂಪನಿಗೆ ಹೋಗಿ ಮಂಗಳೂರಿನ ಆಡಳಿತಕ್ಕೆ ಸೇರಿದವು. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ 1956ರವರೆಗೆ ಇದ್ದವು. ಆ ವರ್ಷದ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತು, ಅದೇ ದಿನ ಆ ದ್ವೀಪಗಳು ನಮ್ಮಿಂದ ಬೇರೆಯಾದವು. ಇವರು ಹೋದ ಅಗತ್ತಿ ಆ ಐದರಲ್ಲಿ ಸೇರಿದ್ದಲ್ಲ, ಅದು ಮಲಬಾರಿನ ಕಡೆಗಿತ್ತು. ಪಾಠದ ಪುಸ್ತಕದಲ್ಲಿ ಇದಕ್ಕೆ ಎರಡು ಸಾಲು ಇದ್ದಿದ್ದರೆ ನಮ್ಮ ಮಕ್ಕಳಿಗೆ ನಕ್ಷೆಯ ಆ ಚುಕ್ಕೆಗಳು ಹತ್ತಿರದವಾಗುತ್ತಿದ್ದವು ಅಂತ ನನಗೆ ಈಗಲೂ ಅನಿಸುತ್ತದೆ.

ಅಲ್ಲಿಯವರಿಗೆ ಬಿರುಗಾಳಿ ಅಂದರೆ ರಜೆ ಕೆಟ್ಟ ಮಾತಲ್ಲ. 1847ರ ಚಂಡಮಾರುತಕ್ಕೆ ಕಲ್ಪೇನಿ, ಆಂದ್ರೋತ್ ದ್ವೀಪಗಳಲ್ಲಿ ತೆಂಗಿನ ಮರಗಳು ರಾಶಿ ರಾಶಿ ಉರುಳಿದವು. 2017ರ ಡಿಸೆಂಬರಿನಲ್ಲಿ ಒಖಿ ಬಂತು, 2021ರ ಮೇ ತಿಂಗಳಲ್ಲಿ ತೌಕ್ತೆ ಆ ದ್ವೀಪಗಳ ಹತ್ತಿರವೇ ಹುಟ್ಟಿ ಮೇಲಕ್ಕೆ ಸರಿಯಿತು. ಆಗ ನಮ್ಮ ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ ಒಂಬತ್ತು ಜನರನ್ನು ದೋಣಿಯಲ್ಲಿ, ಹೆಲಿಕಾಪ್ಟರಿನಲ್ಲಿ ಕರೆತಂದದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದ್ದೇವೆ.

ತೆಂಗು ಉರುಳಿದ ಮಾತು ಬಂದಾಗ ಅಕ್ಕ ಸುಮ್ಮನಾಗಿಬಿಟ್ಟರು. ಅದಕ್ಕೆ ಕಾರಣವಿತ್ತು. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದದ್ದು 1933ರ ನಂತರ ಅದೇ ಮೊದಲು. ಹಿರಿಯೂರಿನಲ್ಲಿ ಜನ ಹಬ್ಬ ಮಾಡಿದರು, ಯಜಮಾನರೂ ಹೋಗಿ ನೋಡಿಕೊಂಡು ಬಂದರು. ಅದೇ ವಾರ ಹೊಸದುರ್ಗದ ಕಡೆ ಹಿನ್ನೀರು ಅಕ್ಕನ ತವರಿನ ತೋಟಕ್ಕೆ ಬಂದು ನಿಂತಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಬುಡದಲ್ಲಿ ನೀರು ನಿಂತ ತೆಂಗಿನ ಗರಿ ಹಳದಿಯಾಗುವುದನ್ನು ಅವರು ಕಂಡವರು. “ಅವರಿಗೆ ನಾಲ್ಕೂ ಕಡೆ ನೀರಲ್ವಾ ಮೇಷ್ಟ್ರೇ” ಅಂದರು ಸ್ವಲ್ಪ ಹೊತ್ತಿನ ಮೇಲೆ.

ಮರ ಮುಟ್ಟದೆ ಬಂದ ಅಕ್ಕನಿಗೆ ಕೊಡಲು ಒಂದು ಒಳ್ಳೆಯ ಸುದ್ದಿ ನನ್ನಲ್ಲಿತ್ತು. ಆ ಮರವನ್ನು ನೋಡಲು ಹಡಗೇ ಹತ್ತಬೇಕಿಲ್ಲ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಲಕ್ಷದ್ವೀಪದ ತೆಂಗನ್ನು ತಂದು ಬೆಳೆಸಿ, ಅದರಿಂದ ಆರಿಸಿದ ತಳಿಗೆ ಚಂದ್ರಕಲ್ಪ ಅಂತ ಹೆಸರಿಟ್ಟು 1985ರಲ್ಲೇ ರೈತರಿಗೆ ಕೊಟ್ಟಿದ್ದಾರೆ. ಕೊಬ್ಬರಿಯಲ್ಲಿ ಎಣ್ಣೆ ಚೆನ್ನಾಗಿದೆ, ಬರವನ್ನೂ ತಡೆಯುತ್ತದೆ. ಬರ ತಡೆಯುವ ತೆಂಗು ನಮ್ಮ ಜಿಲ್ಲೆಗಲ್ಲದೆ ಇನ್ಯಾರಿಗೆ ಬೇಕು?

“ಇಷ್ಟು ಹೊತ್ತು ಇದನ್ನು ಹೇಳದೆ ಏನೇನೋ ಹೇಳಿದ್ರಲ್ಲ!” ಅಂತ ಅಕ್ಕ ಒಳಗೆ ಹೋಗಿ ಫೋನು ತಂದರು. ಕಾಂಪೌಂಡಿನ ಪಕ್ಕ ನಿಂತೇ ತಮ್ಮನಿಗೆ ಹಚ್ಚಿದರು. “ನೀರು ನಿಂತು ಹೋದ ಮರಗಳ ಜಾಗ ಬಿಡು, ಮೇಲಿನ ದಿಣ್ಣೆ ಹೊಲದಲ್ಲಿ ಗುಂಡಿ ತೆಗೆಸು. ಕಾಸರಗೋಡಿಂದ ಸಸಿ ತರಿಸೋಣ. ಮೊದಲೇ ಹೇಳಿಡಬೇಕಂತೆ.” ಆ ಕಡೆಯಿಂದ ತಮ್ಮ ಏನೋ ಕೇಳಿದ. “ಇಲ್ಲ ಕಣೋ, ಇಳಿಸಲಿಲ್ಲ. ಅಲೆ ಇತ್ತು. ಇಳಿಸಬಾರದಿತ್ತು, ಇಳಿಸಲಿಲ್ಲ” ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಗುಂಡಿ ಎಷ್ಟು ಅಗಲ ಅಂತ ಕೇಳ್ತಿದಾನೆ ಮೇಷ್ಟ್ರೇ” ಅಂದರು.