ಚಲಗೃಹ ವಸ್ತ್ರಶೌಚ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಅದನ್ನು ಓದಲು ಅಧಿಕಾರಿ ಯಾರೆಂಬುದನ್ನು ಮೊದಲು ಇತ್ಯರ್ಥ ಮಾಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ ಅಮೆರಿಕದ ಗೃಹಸ್ಥ. ಅವನಲ್ಲೂ, ನಿವೃತ್ತನಾಗಿ, ಒಹಾಯೊದ ಮನೆ ಮಾರಿ, ಆ ದುಡ್ಡಿನಲ್ಲಿ ಮೋಟರ್‌ಹೋಮ್ ಕೊಂಡು, ಚಳಿಗಾಲಕ್ಕೆ ಅರಿಜೋನಾ, ಬೇಸಿಗೆಗೆ ಮೊಂಟಾನಾ ಎಂದು ಅಲೆಯುವವನು ಉತ್ತಮಾಧಿಕಾರಿ. ಊರಿಂದ ಬಂದ ಅಪ್ಪ-ಅಮ್ಮನಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲೆಂದು ವಾರದ ಮಟ್ಟಿಗೆ ಅದನ್ನೇ ಬಾಡಿಗೆ ಹಿಡಿದ ಸ್ಯಾನ್ ಹೋಸೆಯ ಕನ್ನಡಿಗ ಮಧ್ಯಮಾಧಿಕಾರಿ. ಹೋಟೆಲಿನಲ್ಲಿ ಇಳಿದು ಬಟ್ಟೆಯನ್ನು ಲಾಂಡ್ರಿಗೆ ಕೊಡುವವನಿಗೆ ಇಲ್ಲಿ ಪ್ರವೇಶವಿಲ್ಲ. ಅವನು ಆಗಲೇ ಮುಕ್ತ.

ವಿಷಯ: ಓಡಾಡುವ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಯಾವುದಿರಬೇಕು. ಪ್ರಯೋಜನ: ಒಗೆದು ಒಣಗಿದ ಬಟ್ಟೆ. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧ ನಾವು ಬಯಸಿದಷ್ಟು ಗಟ್ಟಿಯಾಗಿಲ್ಲ.

ನಮ್ಮ ಸಿದ್ಧಾಂತ ಒಂದೇ. ಕೊಳೆಗೆ ನಾಶವಿಲ್ಲ, ಪ್ರಭಾವಿ ಅಧಿಕಾರಿಗೆ ಹೇಗೋ ಹಾಗೆ, ವರ್ಗಾವಣೆ ಮಾತ್ರ ಉಂಟು. ಬಟ್ಟೆಯಿಂದ ನೀರಿಗೆ, ನೀರಿನಿಂದ ಮೋರಿಗೆ. ನೆಲಕ್ಕೆ ಅಂಟಿಕೊಂಡ ಮನೆಗಳಲ್ಲಿ ಈ ಸತ್ಯ ಕಣ್ಣಿಗೆ ಬೀಳುವುದಿಲ್ಲ, ಬಚ್ಚಲ ತೂತಿನ ಆಚೆಗಿನ ಲೋಕವನ್ನು ನಾವು ಪುರಸಭೆಗೆ ಬಿಟ್ಟುಕೊಟ್ಟಿರುತ್ತೇವೆ. ಮೋಟರ್‌ಹೋಮಿಗೆ ಪುರಸಭೆ ಇಲ್ಲ. ಅದರ ಹೊಟ್ಟೆಯಡಿ ಮೂರು ಟ್ಯಾಂಕ್‌ಗಳಿವೆ: ಒಳ್ಳೆಯ ನೀರಿನದು ಒಂದು, ಕಕ್ಕಸಿನ ಕಪ್ಪು ಟ್ಯಾಂಕ್ ಒಂದು, ಸ್ನಾನ, ಪಾತ್ರೆ, ಬಟ್ಟೆಯ ನೀರು ಹೋಗಿ ಸೇರುವ ಬೂದು ಟ್ಯಾಂಕ್ ಒಂದು. ಖಾಲಿ ಮಾಡುವುದಕ್ಕೂ ಕ್ರಮವಿದೆ. ಮೊದಲು ಕಪ್ಪು, ಆಮೇಲೆ ಬೂದು. ಹಿಂದೆ ಬರುವ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಲೆಂದು. ಮೈಲಿಗೆಯಲ್ಲೂ ತರತಮ ಕಂಡು, ಒಂದು ಮೈಲಿಗೆಯಿಂದ ಇನ್ನೊಂದನ್ನು ಶುದ್ಧ ಮಾಡುವ ಈ ಆಚಾರನಿಷ್ಠೆಯ ಮುಂದೆ ನಮ್ಮ ಅಜ್ಜಿಯರ ಮಡಿ ತೀರಾ ಸಡಿಲ.

ಈಗ ಲೆಕ್ಕ. ಬೂದು ಟ್ಯಾಂಕ್ 40 ಗ್ಯಾಲನ್ ಎಂದಿಟ್ಟುಕೊಳ್ಳೋಣ, ಅಂದರೆ 150 ಲೀಟರ್. ಮುಂದುಗಡೆ ಬಾಗಿಲಿರುವ ಯಂತ್ರ ಒಂದು ಸಲಕ್ಕೆ 40-50 ಲೀಟರ್ ಕುಡಿದು ಅಷ್ಟನ್ನೂ ಉಗುಳುತ್ತದೆ. ಮೂರು ಸಲ ಒಗೆದರೆ ಟ್ಯಾಂಕ್ ಭರ್ತಿ, ಮನೆಮಂದಿ ಇನ್ನೂ ಮುಖ ತೊಳೆದಿರುವುದಿಲ್ಲ. ನಾಲ್ಕನೆಯ ಸಲಕ್ಕೆ ಕೈಹಾಕಿದವನಿಗೆ ಸಿದ್ಧಾಂತದ ಸಾಕ್ಷಾತ್ಕಾರವಾಗುತ್ತದೆ. ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಸ್ನಾನದ ಮೂಲೆಯ ಮೋರಿ. ಅಲ್ಲಿ ಮೊದಲು ಗುಳುಗುಳು ಸದ್ದು. ಆಮೇಲೆ ಜಾಲರಿಯ ತೂತುಗಳಿಂದ ನೊರೆ ಮೇಲೇಳುತ್ತದೆ, ಅದರ ಬೆನ್ನಿಗೆ ಜೀನ್ಸಿನ ನೀಲಿ ಬಿಟ್ಟುಕೊಂಡ ನೀರು, ಆ ನೀರಿನ ಮೇಲೆ ಕಾಲುಚೀಲದ ಜುಂಗು. ವರ್ಗವಾಗಿ ಹೋದ ಅಧಿಕಾರಿ ಅದೇ ಊರಿಗೆ ಮರಳಿ ಚಾರ್ಜು ತೆಗೆದುಕೊಂಡ.

ಟ್ಯಾಂಕಿನ ಬಾಯಿ ತೆರೆದಿಟ್ಟುಬಿಟ್ಟರಾಯಿತಲ್ಲ ಎಂಬುದು ಪೂರ್ವಪಕ್ಷ. ಆಗಬಹುದು, ನೀರು, ಕರೆಂಟು, ಚರಂಡಿ ಮೂರನ್ನೂ ಕೊಡುವ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಿದ್ದರೆ. ಆದರೆ ಅಷ್ಟೆಲ್ಲ ಕೊಡುವ ಜಾಗದಲ್ಲಿ ಸಾಮಾನ್ಯವಾಗಿ ಇಪ್ಪತ್ತು ಹೆಜ್ಜೆ ಆಚೆಗೇ ಒಂದು ಲಾಂಡ್ರಿ ಕೋಣೆಯೂ ಇರುತ್ತದೆ. ಯಂತ್ರ ಎಲ್ಲಿ ನಡೆಯುತ್ತದೋ ಅಲ್ಲಿ ಬೇಕಿಲ್ಲ, ಎಲ್ಲಿ ಬೇಕೋ ಅಲ್ಲಿ ನಡೆಯುವುದಿಲ್ಲ. ಅರಿಜೋನಾದ ಕ್ವಾರ್ಟ್ಸೈಟ್ ಬಳಿಯ ಸರ್ಕಾರಿ ಮರುಭೂಮಿಯಲ್ಲಿ ಚಳಿಗಾಲಕ್ಕೆ ಸಾವಿರಾರು ಗಾಡಿಗಳು ಬಂದು ಬೀಡುಬಿಡುತ್ತವೆ. ನಿಂತ ಜಾಗಕ್ಕೆ ನಲ್ಲಿಯಿಲ್ಲ, ಚರಂಡಿಯಿಲ್ಲ. ಅಲ್ಲಿ ಒಗೆಯುವ ಯಂತ್ರವು ಗಾಜಿನ ಬಾಗಿಲುಳ್ಳ ಕಪಾಟು. ಈರುಳ್ಳಿ ಇಡಲು ಅಡ್ಡಿಯಿಲ್ಲ, ಗಾಳಿಯಾಡುತ್ತದೆ.

ಇನ್ನು ಮತಭೇದ. ಒಗೆಯುವುದೂ ಒಣಗಿಸುವುದೂ ಒಂದೇ ಡ್ರಮ್ಮಿನಲ್ಲಿ ಎಂಬುವರು ಅದ್ವೈತಿಗಳು, ಅವರ ಯಂತ್ರಕ್ಕೆ ಕಾಂಬೊ ಎಂದು ಹೆಸರು. ವಾಷರ್ ಬೇರೆ, ಡ್ರೈಯರ್ ಬೇರೆ, ಇವೆರಡು ಯಾವ ಕಾಲಕ್ಕೂ ಒಂದಾಗಲಾರವು ಎಂದು ಒಂದರ ತಲೆಯ ಮೇಲೊಂದು ನಿಲ್ಲಿಸುವವರು ದ್ವೈತಿಗಳು. ದ್ವೈತಿಗಳ ವಾದ ಬಲವಾದದ್ದು. ಒಂದರಲ್ಲಿ ಒಣಗುತ್ತಿರುವಾಗಲೇ ಇನ್ನೊಂದರಲ್ಲಿ ಒಗೆಯಬಹುದು. ಆದರೆ ಅದಕ್ಕೆ ಆಳೆತ್ತರದ ಜಾಗ ಬೇಕು, ಗಾಡಿಗೆ ಎರಡು ಯಂತ್ರಗಳ ಭಾರ ತಾಳುವ ತಾಕತ್ತು ಬೇಕು. ಮೋಟರ್‌ಹೋಮುಗಳಲ್ಲಿ ಎ, ಬಿ, ಸಿ ಎಂದು ಮೂರು ವರ್ಗ. ಎ ಬಸ್ಸಿನಷ್ಟು ದೊಡ್ಡದು, ಬಿ ವ್ಯಾನಿನಷ್ಟು ಚಿಕ್ಕದು, ಸಿ ನಡುವಿನದು. ಅಕ್ಷರಮಾಲೆಯನ್ನು ಹೀಗೆ ಜೋಡಿಸಿದವರಿಂದ ಬೇರೇನು ನಿರೀಕ್ಷಿಸಲಿ, ಇರಲಿ. ದ್ವೈತ ಎ ವರ್ಗಕ್ಕೆ ಮಾತ್ರ ಎಂದು ತಿಳಿಯಿರಿ.

ಅದ್ವೈತದ ತೊಡಕು ಸೂಕ್ಷ್ಮವಾದದ್ದು. ಏಳು ಕಿಲೊ ಬಟ್ಟೆ ಒಗೆಯುವ ಡ್ರಮ್ಮು ಒಣಗಿಸುವಾಗ ಅದರ ಅರ್ಧವನ್ನಷ್ಟೇ ಒಪ್ಪುತ್ತದೆ. ಉಳಿದರ್ಧ ಮಿಥ್ಯೆ, ಆದರೆ ಒದ್ದೆ ಮಿಥ್ಯೆ, ಎಲ್ಲಾದರೂ ನೇತುಹಾಕಲೇಬೇಕು. ಇಷ್ಟಕ್ಕೆ ಮೂರು-ನಾಲ್ಕು ತಾಸು ಹಿಡಿಯುತ್ತದೆ. ಸ್ವತಃ ಅದ್ವೈತಿಗಳಲ್ಲೂ ಒಡಕುಂಟು. ಗೋಡೆಗೆ ನಾಲ್ಕಿಂಚಿನ ತೂತು ಕೊರೆದು ಬಿಸಿ ಹಬೆಯನ್ನು ಹೊರಗಟ್ಟುವವರು ಒಂದು ಬಣ. ಲಕ್ಷಾಂತರ ಡಾಲರಿನ ಗಾಡಿಗೆ ತೂತು ಕೊರೆಯುವುದೇ ಎಂದು ಎದೆ ಹಿಡಿದುಕೊಳ್ಳುವವರು ಇನ್ನೊಂದು ಬಣ. ಎರಡನೆಯವರ ಯಂತ್ರ ಹಬೆಯ ಮೇಲೆ ತಣ್ಣೀರು ಹಾಯಿಸಿ ಅದನ್ನು ನೀರಾಗಿಸುತ್ತದೆ, ಆ ನೀರೂ ಈ ನೀರೂ ಕೂಡಿ ಬೂದು ಟ್ಯಾಂಕಿಗೇ ಇಳಿಯುತ್ತವೆ. ಒಣಗಿಸಲಿಕ್ಕೂ ನೀರು ಬೇಕೆಂಬ ಈ ಮಾತನ್ನು ತರ್ಕದ ಪಾಠಶಾಲೆಗಳಲ್ಲಿ ಹೇತ್ವಾಭಾಸಕ್ಕೆ ಉದಾಹರಣೆಯಾಗಿ ಕೊಡಬಹುದು. ಹೀಗೆ ಒಣಗಿದ್ದು ನಿಜವಾಗಿ ಒಣಗಿದೆಯೇ ಎಂಬ ಬಗ್ಗೆ ಒಂದು ಸಂವಾದವುಂಟು. ಮಗ ಬಾಗಿಲು ತೆರೆದು, ಬಿಸಿಬಿಸಿ ಪಂಚೆಯನ್ನು ತುಮಕೂರಿನಿಂದ ಬಂದ ತಾಯಿಯ ಕೈಗಿತ್ತು, "ನೋಡಮ್ಮ, ಒಣಗಿದೆಯಾ?" ಎಂದ. ತಾಯಿ ಹಿಡಿದು ನೋಡಿ, ಕೊಡವಿ, ಇನ್ನೊಮ್ಮೆ ಹಿಡಿದು ನೋಡಿ, "ಒಣಗಿಲ್ಲ ಕಣೋ, ಬೆಂದಿದೆ" ಎಂದರು. ಇದಕ್ಕಿಂತ ಒಳ್ಳೆಯ ಭಾಷ್ಯ ಈ ವಿಷಯಕ್ಕೆ ಬಂದಿಲ್ಲ.

ಒಗೆಯಲಿಕ್ಕಷ್ಟೇ ಯಂತ್ರ, ಒಣಗಲು ಬಿಸಿಲು ಎಂಬ ವಿಶಿಷ್ಟಾದ್ವೈತವೂ ಇದೆ. ಮರಕ್ಕೆ ಹಗ್ಗ ಕಟ್ಟಕೂಡದೆಂದು ಎಷ್ಟೋ ಕ್ಯಾಂಪ್‌ಗ್ರೌಂಡುಗಳ ನಿಯಮವಿರುವುದರಿಂದ ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ವಿದ್ಯುತ್ ಪ್ರಕರಣಕ್ಕೆ ಬರೋಣ. ಗಾಡಿಗಳಲ್ಲಿ 30 ಆಂಪಿಯರಿನವು, 50 ಆಂಪಿಯರಿನವು ಎಂದು ಎರಡು ಕುಲ. ಐವತ್ತರಲ್ಲಿ ಮೂವತ್ತು ಹೋದರೆ ಇಪ್ಪತ್ತು ಎಂಬುದು ಲೌಕಿಕರ ಗಣಿತ. 30ರದು 120 ವೋಲ್ಟಿನ ಒಂದೇ ತಂತಿ, ಅದರಿಂದ 3,600 ವಾಟ್ ಸಿಗುತ್ತದೆ. 50ರದ್ದಕ್ಕೆ ಅಂಥವು ಎರಡು ತಂತಿ, ಒಂದೊಂದರಲ್ಲೂ 50. ಕೂಡಿದರೆ 12,000 ವಾಟ್. ಇಪ್ಪತ್ತರ ಅಂತರ ಅಂದುಕೊಂಡದ್ದು ಮೂರು ಪಟ್ಟಿಗೂ ಮೀರಿತು. 30ರ ಮನೆಯಲ್ಲಿ ಏಸಿ 13-15 ಆಂಪಿಯರ್ ತಿನ್ನುತ್ತದೆ, ಕಾಂಬೊ ಒಣಗಿಸುವ ಹೊತ್ತಿಗೆ ಹತ್ತು-ಹನ್ನೆರಡು. ಇಬ್ಬರೂ ಹೇಗೋ ಹೊಂದಿಕೊಂಡಿರುತ್ತಾರೆ. ಅಷ್ಟರಲ್ಲಿ ಯಾರೋ ಕಾಫಿಗೆ ಹಾಲು ಬಿಸಿ ಮಾಡೋಣವೆಂದು ಮೈಕ್ರೊವೇವ್ ಒತ್ತುತ್ತಾರೆ. ಟಪ್. ಕತ್ತಲೆ, ಸೆಖೆ, ಡ್ರಮ್ಮಿನೊಳಗೆ ಅರೆಬೆಂದ ಬಟ್ಟೆ, ಲೋಟದಲ್ಲಿ ಉಗುರುಬೆಚ್ಚಗಿನ ಹಾಲು. ಬಟ್ಟೆ, ತಂಪು, ಕಾಫಿ ಈ ಮೂರರಲ್ಲಿ ಎರಡನ್ನು ಮಾತ್ರ ಏಕಕಾಲಕ್ಕೆ ಪಡೆಯಬಹುದೆಂದು ಶಾಸ್ತ್ರ ವಿಧಿಸುತ್ತದೆ. ಕಾಫಿ ಬಿಡಬೇಕೆನ್ನುವ ಶಾಖೆಯನ್ನು ಈ ಲೇಖಕ ಮಾನ್ಯ ಮಾಡುವುದಿಲ್ಲ.

ಕಂಪನದ ಬಗ್ಗೆ ಎರಡು ಮಾತು. ಹಿಂಡುವ ಹೊತ್ತಿಗೆ ಡ್ರಮ್ಮು ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತುತ್ತದೆ. ಕಟ್ಟಡದಲ್ಲಾದರೆ ನೆಲ ತಡೆದುಕೊಳ್ಳುತ್ತದೆ, ಇಲ್ಲಿ ನೆಲದ ಕೆಳಗಿರುವುದು ಸ್ಪ್ರಿಂಗು ಮತ್ತು ಟೈರು. ಆದ್ದರಿಂದ ಮನೆ ಓಡುವಾಗ ಯಂತ್ರ ನಿಂತಿರಬೇಕು, ಯಂತ್ರ ಓಡುವಾಗ ಮನೆ ಜಾಕು ಊರಿ ನಿಂತಿರಬೇಕು.

ಈ ನಿಯಮವನ್ನು ತಲೆಕೆಳಗು ಮಾಡಿದವನು ಒಬ್ಬನೇ, ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ ಆತ ಜಿಎಂಸಿ ಟ್ರಕ್ಕಿನ ಬೆನ್ನಿಗೊಂದು ಪುಟ್ಟ ಮನೆ ಹೊರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆ ರೊಸಿನಾಂಟೆಯ ಹೆಸರಿಟ್ಟು, ಚಾರ್ಲಿ ಎಂಬ ಪೂಡಲ್ ನಾಯಿಯನ್ನು ಜೊತೆಗೆ ಕೂರಿಸಿಕೊಂಡು ದೇಶ ಸುತ್ತಲು ಹೊರಟ. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು, ಅದೇ ವರ್ಷ ನೊಬೆಲ್ ಕೂಡ ಬಂತು. ಸಾಹಿತ್ಯದ ಪಂಡಿತರು ಆ ಪ್ರಶಸ್ತಿಗೆ ಬೇರೆ ಬೇರೆ ಕಾರಣ ಹೇಳಲಿ, ವಸ್ತ್ರಶೌಚದವರಾದ ನಮ್ಮ ಪಾಲಿಗೆ ಕಾರಣ ಬಕೆಟ್ಟು. ಕಸ ಹಾಕುವ, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಕೊಳೆ ಬಟ್ಟೆ, ಬಿಸಿನೀರು, ಸೋಪಿನ ಪುಡಿ ಹಾಕಿ, ಜಗ್ಗಿದರೆ ಹಿಗ್ಗುವ ಹಗ್ಗದಿಂದ ಕಪಾಟಿನೊಳಗೆ ತೂಗುಹಾಕಿದ. ರಸ್ತೆಯ ಹಳ್ಳ-ದಿಣ್ಣೆಯೆಲ್ಲ ಬಕೆಟ್ಟನ್ನು ಕುಣಿಸಿ ಬಟ್ಟೆ ಒಗೆದುಕೊಟ್ಟವು. ಮಿಕ್ಕ ಯಂತ್ರಗಳಿಗೆ ಯಾವ ಅಲುಗಾಟ ಶತ್ರುವೋ ಅದೇ ಇಲ್ಲಿ ಕರೆಂಟು. ಆಂಪಿಯರಿನ ಜಗಳವಿಲ್ಲ, ಅದ್ವೈತದ ಹಂಗಿಲ್ಲ, ರಸ್ತೆ ಕೆಟ್ಟಷ್ಟೂ ಬಟ್ಟೆ ಬೆಳ್ಳಗೆ. ಪುಸ್ತಕದ ವಿವರಗಳೆಲ್ಲ ನಿಜವೇ, ಆತ ಹೇಳಿದ ಜಾಗಗಳಲ್ಲೇ ರಾತ್ರಿ ತಂಗಿದ್ದನೇ ಎಂದು ಮುಂದೆ ಸಂಶೋಧಕರು ಕೆದಕಿದ್ದುಂಟು. ಎಲ್ಲಿ ಮಲಗಿದರೇನು, ಬಟ್ಟೆ ಬೆಳ್ಳಗಾಯಿತೋ ಇಲ್ಲವೋ ಎಂಬುದಷ್ಟೇ ಶಾಸ್ತ್ರಕ್ಕೆ ಬೇಕಾದದ್ದು. ಈ ಪದ್ಧತಿಗೆ ಒಂದೇ ದೋಷ: ಅಮೆರಿಕದ ಹೆದ್ದಾರಿಗಳು ಆಮೇಲೆ ವಿಪರೀತ ನಯವಾದವು. ನಮ್ಮ ರಾಜ್ಯದ ರಸ್ತೆಗಳಲ್ಲಿ ಇದರ ಸಾಧ್ಯತೆ ಅಪಾರ.

ಕೊನೆಗೆ, ಯಂತ್ರವನ್ನೇ ಹೊರದೆ ನಾಣ್ಯ ಹೊರುವ ಪಂಥ. ಇವರು ವಾರಕ್ಕೊಮ್ಮೆ ಲಾಂಡ್ರೊಮ್ಯಾಟಿಗೆ ಹೋಗಿ, ನಾಲ್ಕು ಯಂತ್ರಗಳನ್ನು ಒಟ್ಟಿಗೆ ಹಿಡಿದು, ಕಾಂಬೊ ಒಂದು ಡ್ರಮ್ಮು ಮುಗಿಸುವುದರೊಳಗೆ ವಾರದ್ದೆಲ್ಲ ಮಡಿಸಿಕೊಂಡು ಎದ್ದುಬರುತ್ತಾರೆ. ಕೊಳೆ ಅನ್ಯರ ಚರಂಡಿಗೆ ವರ್ಗ. ಇವರ ಗಾಡಿಯಲ್ಲಿ ಕಾಲು ಡಾಲರಿನ ನಾಣ್ಯಗಳ ಡಬ್ಬಿಯೊಂದು ಗಲಗಲ ಎನ್ನುತ್ತಿರುತ್ತದೆ. 2010ರಲ್ಲಿ ಟಂಕಿಸಿದ ಯೆಲ್ಲೋಸ್ಟೋನ್ ನಾಣ್ಯವನ್ನು ತಿರುಗಿಸಿ ನೋಡಿ: ಹಿಂದೆ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆ ಚಿಮ್ಮುತ್ತಿದೆ, ಮುಂದೊಂದು ಕಾಡುಕೋಣ. ಯೆಲ್ಲೋಸ್ಟೋನ್ ನೋಡಲೆಂದು ಸಾವಿರ ಮೈಲಿ ಬಂದವನು ಅದೇ ಬುಗ್ಗೆಯನ್ನು ಸೀಳುಬಾಯಿಗೆ ಹಾಕಿ ಬಿಸಿನೀರು ಪಡೆಯುತ್ತಾನೆ.

ಇದು ಬರೀ ಸಂಕೇತವಲ್ಲ, ಇದಕ್ಕೆ ಐತಿಹಾಸಿಕ ಪ್ರಮಾಣವುಂಟು. 1880ರ ದಶಕದಲ್ಲಿ ಆ ಬುಗ್ಗೆಯನ್ನು ಜನ ನಿಜವಾಗಿಯೂ ಒಗೆಯಲು ಬಳಸಿದ್ದರು. ಸುಮ್ಮನಿರುವ ಹೊತ್ತಿನಲ್ಲಿ ಬಟ್ಟೆಯನ್ನು ಅದರ ಬಾಯಿಗೆ ತುಂಬಿ ದೂರ ನಿಂತರೆ, ಚಿಮ್ಮುವಾಗ ಒಗೆದು ಹೊರಗೆಸೆಯುತ್ತಿತ್ತು. 1882ರಲ್ಲಿ ಜನರಲ್ ಶೆರಿಡನ್ನನ ಸೈನಿಕರು ಮಾಡಿದ ಪ್ರಯೋಗದ ಫಲಿತಾಂಶವೂ ದಾಖಲಾಗಿದೆ: ಹತ್ತಿ, ನಾರುಬಟ್ಟೆಗಳಿಗೆ ಏನೂ ಆಗಲಿಲ್ಲ, ಉಣ್ಣೆ ಚಿಂದಿ ಚಿಂದಿಯಾಯಿತು. ಈಗ ಆ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಎಂದರೆ ಕಾಂಬೊಗಿಂತ ಬೇಗ. ಆಂಪಿಯರ್ ಬೇಡ, ಟ್ಯಾಂಕ್ ಬೇಡ, ತೂಕ ಸೊನ್ನೆ. ಕೊಳೆ ಎಲ್ಲಿಗೆ ವರ್ಗವಾಯಿತು ಎಂಬುದನ್ನು ಮಾತ್ರ, ನೂರಡಿ ಮೇಲಿಂದ ಬಿದ್ದ ನೀರಿಗೆ ಮೈಯೊಡ್ಡಿ ನಿಂತಿದ್ದ ಪ್ರೇಕ್ಷಕರು ಹೇಳಬೇಕಿತ್ತು. ಆದರೆ ಬುಗ್ಗೆಗೆ ಏನನ್ನು ಹಾಕುವುದೂ ಇಂದು ಕಾನೂನಿನ ಪ್ರಕಾರ ಅಪರಾಧವಾದ್ದರಿಂದ ಈ ಪಕ್ಷವನ್ನು ಕೈಬಿಡಲಾಗಿದೆ, ಮತ್ತು ಸ್ವೆಟರನ್ನು ಎಲ್ಲ ಪಂಥದವರೂ ಕೈಯಲ್ಲೇ ಒಗೆಯತಕ್ಕದ್ದು.